140 ಗ್ರಾಂ ಚೆಂಡು, 23 ಮೀಟರ್ ಹಗ್ಗ

ಮಹಿಳೆಯರ ಟಿ20 ವಿಶ್ವಕಪ್ ಶುರುವಾದರೆ ಟಿವಿ ಮುಂದೆ ಒಂದು ಮಾತು ಕೇಳಿಬರುತ್ತದೆ: 'ಗಂಡಸರ ಆಟವನ್ನೇ ಸ್ವಲ್ಪ ಚಿಕ್ಕದು ಮಾಡಿದ್ದಾರೆ ಅಷ್ಟೆ.' ಬೌಂಡರಿ ಹತ್ತಿರ, ಚೆಂಡು ಹಗುರ, ನಿಜ. ಆದರೆ ಪಿಚ್ ಅದೇ 20.12 ಮೀಟರ್, ಸ್ಟಂಪಿನ ಎತ್ತರ ಅದೇ 71.1 ಸೆಂ.ಮೀ. ಕೆಲವು ಅಳತೆ ಕುಗ್ಗಿ ಕೆಲವು ಹಾಗೇ ಉಳಿದಾಗ ಹುಟ್ಟುವುದು ಚಿಕ್ಕ ಆಟವಲ್ಲ, ಬೇರೆ ಆಟ. ಈ ಮಾದರಿಯ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದವರೂ ಮಹಿಳೆಯರೇ: 2004ರ ಆಗಸ್ಟ್ 5ರಂದು ಹೋವ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್. ಪುರುಷರು ಆಡಿದ್ದು 2005ರ ಫೆಬ್ರವರಿಯಲ್ಲಿ.

ಮೊದಲು ಚೆಂಡು ನೋಡೋಣ. ನಿಯಮದ ಪ್ರಕಾರ ಮಹಿಳೆಯರ ಚೆಂಡು 140ರಿಂದ 151 ಗ್ರಾಂ, ಸುತ್ತಳತೆ 21ರಿಂದ 22.5 ಸೆಂ.ಮೀ. ಪುರುಷರದ್ದು 156ರಿಂದ 163 ಗ್ರಾಂ, 22.4ರಿಂದ 22.9 ಸೆಂ.ಮೀ. ಹಗುರವಾದ ಚೆಂಡನ್ನು ಗಾಳಿ ಹೆಚ್ಚು ತಡೆಯುತ್ತದೆ ಎಂದು ಅನೇಕರ ನಂಬಿಕೆ. ಲೆಕ್ಕ ಹಾಕಿದರೆ ಹಾಗಿಲ್ಲ. ತೂಕದ ಜೊತೆ ಗಾತ್ರವೂ ಇಳಿದಿದೆಯಲ್ಲ! ಗಾಳಿಗೆ ಎದೆಯೊಡ್ಡುವ ವಿಸ್ತೀರ್ಣವನ್ನು ತೂಕದಿಂದ ಭಾಗಿಸಿದರೆ ಎರಡೂ ಚೆಂಡಿಗೆ ಪ್ರತಿ ಗ್ರಾಂಗೆ ಸುಮಾರು 0.26 ಚದರ ಸೆಂ.ಮೀ. ಬರುತ್ತದೆ, ವ್ಯತ್ಯಾಸ ಶೇಕಡ 1ರಷ್ಟು. ಒಂದೇ ವೇಗದಲ್ಲಿ ಬಿಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಬದಲಾಗುವುದು ಬೆರಳುಗಳ ಹಿಡಿತ. ಚಿಕ್ಕ ಅಂಗೈಗೆ ದೊಡ್ಡ ಚೆಂಡು ಕೊಟ್ಟರೆ ಸ್ಪಿನ್ನರ್‌ನ ಬೆರಳು ಸೀಮ್ (ಚೆಂಡಿನ ನಡುವಿನ ಹೊಲಿಗೆ) ಮೇಲೆ ಸರಿಯಾಗಿ ಹರಡುವುದಿಲ್ಲ, ತಿರುವು ಕಡಿಮೆಯಾಗುತ್ತದೆ, ಆ ಕೊರತೆ ತುಂಬಲು ಭುಜ ದಣಿಯುತ್ತದೆ. ಹುಡುಗಿಯರ ಅಭ್ಯಾಸಕ್ಕೆ ಚೆಂಡು ಕೊಳ್ಳುವಾಗ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಸೀಮ್ ಮೇಲೆ ದಾರ ಸುತ್ತಿ ಅಳೆಯಿರಿ. ತಕ್ಕಡಿ 156 ತೋರಿಸಿದರೆ ವಾಪಸ್ ಕೊಡಿ.

ಮಹಿಳೆಯರ ಬೌಲಿಂಗ್‌ನಲ್ಲಿ ವೇಗ ಕಡಿಮೆ ಎಂಬ ದೂರಿಗೂ ಇನ್ನೊಂದು ಮುಖವಿದೆ. ಸೀಮನ್ನು ಸುಮಾರು 20 ಡಿಗ್ರಿ ಓರೆ ಹಿಡಿದು ಹೊಸ ಚೆಂಡು ಎಸೆದರೆ, ಸೀಮ್ ಇರುವ ಬದಿಯಲ್ಲಿ ಗಾಳಿಯ ಪದರ ಕದಡಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಳ್ಳುತ್ತದೆ, ನುಣುಪಾದ ಬದಿಯಲ್ಲಿ ಬೇಗ ಬಿಡುತ್ತದೆ. ಈ ಅಸಮತೆಯೇ ಚೆಂಡನ್ನು ಪಕ್ಕಕ್ಕೆ ತಳ್ಳುವುದು, ಅದೇ ಸ್ವಿಂಗ್. ಆ ತಳ್ಳು ಅತಿ ಹೆಚ್ಚಾಗುವುದು ಗಂಟೆಗೆ 110 ಕಿ.ಮೀ. ಆಸುಪಾಸಿನಲ್ಲಿ. ವೇಗ ತೀರಾ ಹೆಚ್ಚಾದರೆ ನುಣುಪಾದ ಬದಿಯ ಗಾಳಿಯೂ ಕದಡಿ ಸ್ವಿಂಗ್ ಸಾಯುತ್ತದೆ. ಮಹಿಳಾ ಮಧ್ಯಮ ವೇಗಿಗಳು ಇರುವುದು ಸರಿಯಾಗಿ ಇದೇ ಆಸುಪಾಸಿನಲ್ಲಿ. 2023ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ಭಾರತದ ರೇಣುಕಾ ಸಿಂಗ್ ಅವರನ್ನು ಬರೀ 'ನಿಧಾನದ ವೇಗಿ' ಎಂದು ಕರೆಯುವುದು ನ್ಯಾಯವಲ್ಲ.

ಇದಕ್ಕಿಂತ ಸೊಗಸು ಸ್ಪಿನ್ನರ್‌ಗಳ ಲೆಕ್ಕ. ಕೈಯೆತ್ತರ 2 ಮೀಟರ್, ಚೆಂಡು ಬೀಳಬೇಕಾದದ್ದು 15 ಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳಿ. ಗಂಟೆಗೆ 90 ಕಿ.ಮೀ. ವೇಗದ ಎಸೆತ 0.6 ಸೆಕೆಂಡಿನಲ್ಲಿ ಅಲ್ಲಿಗೆ ಹೋಗುತ್ತದೆ. ಕೈ ಬಿಟ್ಟ ಕ್ಷಣದಿಂದಲೇ ಇಳಿಮುಖ. 60 ಕಿ.ಮೀ. ವೇಗದ್ದಕ್ಕೆ 0.9 ಸೆಕೆಂಡು ಬೇಕು. ಅಷ್ಟು ಹೊತ್ತು ಗಾಳಿಯಲ್ಲಿರಲು ಅದನ್ನು ಮೇಲ್ಮುಖವಾಗಿ ಬಿಡಲೇಬೇಕು. ಕೈಯಿಂದ ಸುಮಾರು 25 ಸೆಂ.ಮೀ. ಮೇಲೇರಿ, ಬ್ಯಾಟರ್‌ಳ ಕಣ್ಣಿನ ಮಟ್ಟಕ್ಕಿಂತ ಎಷ್ಟೋ ಎತ್ತರದಿಂದ ಇಳಿಯುತ್ತದೆ. ನೆಲ ಮುಟ್ಟುವ ಕೋನ ಮೊದಲನೆಯದಕ್ಕೆ 14 ಡಿಗ್ರಿಯಾದರೆ ಎರಡನೆಯದಕ್ಕೆ 21ರ ಮೇಲೆ. ಕಣ್ಣು ಮೇಲೆತ್ತಿದವಳಿಗೆ ಚೆಂಡು ಎಲ್ಲಿ ಬೀಳುತ್ತದೆ ಎಂಬ ಅಂದಾಜು ತಪ್ಪುತ್ತದೆ, ಮುಂದೆ ಬಂದವಳು ಸ್ಟಂಪ್ ಆಗುತ್ತಾಳೆ. 2020ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಭಾರತದ ಪೂನಂ ಯಾದವ್ 19 ರನ್ನಿಗೆ 4 ವಿಕೆಟ್ ಪಡೆದು ಆಸ್ಟ್ರೇಲಿಯಾವನ್ನು 115ಕ್ಕೆ ಕಟ್ಟಿಹಾಕಿದ್ದು ಇಂಥ ನಿಧಾನದ ಲೆಗ್ ಸ್ಪಿನ್‌ನಿಂದಲೇ.

ಚಿತ್ರದುರ್ಗದಲ್ಲಿ ಬೌಲ್ ಮಾಡುವ ಹುಡುಗಿಗೆ ಇದರ ಮೇಲೊಂದು ಉಡುಗೊರೆಯಿದೆ: ಗಾಳಿ. ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. 20 ಕಿ.ಮೀ. ವೇಗದ ಎದುರುಗಾಳಿಗೆ 60 ಕಿ.ಮೀ. ವೇಗದ ಎಸೆತ ಬಿಟ್ಟರೆ ಚೆಂಡಿಗೆ ತಾಗುವ ಗಾಳಿ 80 ಕಿ.ಮೀ. ಆಗುತ್ತದೆ. ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಸುಮಾರು 1.8 ಪಟ್ಟು. ಪರಿಣಾಮವಾಗಿ ಚೆಂಡು ನಿಂತ ಗಾಳಿಯಲ್ಲಿ ಬೀಳುವುದಕ್ಕಿಂತ ಅರ್ಧ ಮೀಟರ್‌ಗೂ ತುಸು ಹೆಚ್ಚು ಮೊದಲೇ ಬೀಳುತ್ತದೆ. ಆದ್ದರಿಂದ ನಿಧಾನದ ಸ್ಪಿನ್ನರನ್ನು ಗಾಳಿಗೆ ಎದುರಾಗಿ, ವೇಗಿಯನ್ನು ಗಾಳಿಯ ಜೊತೆ ಹಾಕಬೇಕು. ಮಳೆಗಾಲದ ಪಶ್ಚಿಮದ ಗಾಳಿ ಜೋರಾದ ದಿನ ತುದಿ ಅದಲುಬದಲಾದರೆ ಇಬ್ಬರೂ ಕೆಡುತ್ತಾರೆ: ವೇಗಿ ಬೇಗ ದಣಿಯುತ್ತಾಳೆ, ಸ್ಪಿನ್ನರ್ ಫುಲ್‌ಟಾಸ್ ಹಾಕುತ್ತಾಳೆ.

ದಾವಣಗೆರೆಯ ತೊಡಕು ಬೇರೆ. ಇಲ್ಲಿ ಹೈಸ್ಕೂಲ್ ಮೈದಾನದಿಂದ ಹಿಡಿದು ಓಣಿಯವರೆಗೂ ಟೆನಿಸ್ ಬಾಲ್ ಕ್ರಿಕೆಟ್‌ನದ್ದೇ ದರ್ಬಾರು. ಟೆನಿಸ್ ಚೆಂಡಿನ ತೂಕ 56ರಿಂದ 59.4 ಗ್ರಾಂ, ಗಾತ್ರ ಮಾತ್ರ ಹೆಚ್ಚುಕಡಿಮೆ ಮಹಿಳೆಯರ ಲೆದರ್ ಚೆಂಡಿನಷ್ಟೇ. ಹಾಗಾಗಿ ಗ್ರಾಂ ಲೆಕ್ಕದಲ್ಲಿ ಅದಕ್ಕೆ ಗಾಳಿಯ ತಡೆ ಎರಡು ಪಟ್ಟಿಗೂ ಹೆಚ್ಚು. ಬ್ಯಾಟರ್ ತಲುಪುವಷ್ಟರಲ್ಲಿ ವೇಗ ಸೋರಿರುತ್ತದೆ, ಪುಟಿದು ಸೊಂಟದ ಮೇಲೆ ಬರುತ್ತದೆ. ಈ ಚೆಂಡಿನಲ್ಲಿ ಕೈ ಪಳಗಿಸಿಕೊಂಡ ಹುಡುಗಿ ಲೆದರ್ ಬಾಲ್‌ಗೆ ಬಂದಾಗ ಎರಡು ತಪ್ಪು ಖಂಡಿತ: ಬ್ಯಾಟ್ ತಡವಾಗಿ ಇಳಿಯುತ್ತದೆ, ಮತ್ತು ಇಳಿದ ಬ್ಯಾಟಿನ ಕೆಳಗೆ ಚೆಂಡು ನುಸುಳುತ್ತದೆ. ಫಲ, ಬೌಲ್ಡ್ ಇಲ್ಲವೇ ಎಲ್‌ಬಿಡಬ್ಲ್ಯು. ಹೊಡೆತ ಬದಲಿಸುವ ಮುನ್ನ ಎತ್ತರ ಬದಲಿಸಿ. ನೆಲದಿಂದ ಮೊಣಕಾಲಿನವರೆಗೆ ಬರುವ ಚೆಂಡನ್ನು ನೇರ ಬ್ಯಾಟಿನಲ್ಲಿ ಆಡುವ ಅಭ್ಯಾಸ ಮೊದಲಾಗಲಿ. ಚೆಂಡನ್ನು ಹತ್ತಿರದಿಂದ ಅಂಡರ್‌ಆರ್ಮ್ ಕೊಟ್ಟರೂ ಸಾಕು. ಬೌನ್ಸರ್ ಆಮೇಲೆ ಕಲಿಯಬಹುದು. ಮ್ಯಾಟ್ ಮೇಲೆ ಮಾತ್ರ ಆಡಿದವರಿಗೂ ಇದೇ ಮದ್ದು, ಏಕೆಂದರೆ ಗಟ್ಟಿ ನೆಲಕ್ಕೆ ಬಿಗಿದ ಮ್ಯಾಟ್ ಮಣ್ಣಿನ ಪಿಚ್‌ಗಿಂತ ಎತ್ತರಕ್ಕೆ ಪುಟಿಸುತ್ತದೆ.

ಸಿಕ್ಸರ್ ವಿಷಯ ಚಿಕ್ಕದು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 60 ಮೀಟರ್ ದೂರಕ್ಕೆ ಚೆಂಡು ಬ್ಯಾಟಿನಿಂದ ಗಂಟೆಗೆ 87 ಕಿ.ಮೀ. ವೇಗದಲ್ಲಿ ಹೊರಡಬೇಕು, 75 ಮೀಟರ್‌ಗೆ 98. ತಡೆ ಸೇರಿದರೆ ಎರಡೂ ಏರುತ್ತವೆ.

ಮೈದಾನ ಗುರುತು ಮಾಡುವವರಿಗೆ ಕೊನೆಯ ಕೆಲಸ. ಮಹಿಳೆಯರ ಬೌಂಡರಿ ಪಿಚ್‌ನ ನಡುವಿನಿಂದ 55ರಿಂದ 64 ಮೀಟರ್ ಒಳಗಿರಬೇಕು. ಫೀಲ್ಡರ್‌ಗಳನ್ನು ಹತ್ತಿರ ನಿಲ್ಲಿಸಲು ಎಳೆಯುವ ಒಳವೃತ್ತದ ಅಳತೆ 23 ಮೀಟರ್, ಪುರುಷರಿಗೆ 27.43. ಹೆಸರಿಗೆ ವೃತ್ತವಾದರೂ ಅದು ಪೂರ್ತಿ ವೃತ್ತವಲ್ಲ. 23 ಮೀಟರ್ ಹಗ್ಗವನ್ನು ಒಂದು ತುದಿಯ ನಡುಸ್ಟಂಪಿಗೆ ಕಟ್ಟಿ ಹಿಂಬದಿಗೆ ಅರ್ಧವೃತ್ತ ಎಳೆಯಿರಿ. ಇನ್ನೊಂದು ತುದಿಯಲ್ಲೂ ಹಾಗೇ ಮಾಡಿ. ಎರಡರ ಕೊನೆಗಳನ್ನು ಪಿಚ್‌ಗೆ ಸಮಾನಾಂತರವಾಗಿ ನೇರ ಸುಣ್ಣದ ಗೆರೆಯಿಂದ ಸೇರಿಸಿ. ಹಗ್ಗವನ್ನು ಪಿಚ್‌ನ ನಡುವೆ ಕಟ್ಟಿ 33 ಮೀಟರ್ (23ಕ್ಕೆ ಅರ್ಧ ಪಿಚ್‌ನ 10 ಸೇರಿಸಿ) ತ್ರಿಜ್ಯದ ಸುತ್ತು ಹಾಕಿಬಿಟ್ಟರೆ ಪಾಯಿಂಟ್, ಕವರ್‌ನಲ್ಲಿರುವವರು 10 ಮೀಟರ್ ದೂರ ಸರಿಯುತ್ತಾರೆ, ಇಬ್ಬರನ್ನು ಬಿಟ್ಟು ಉಳಿದ ಫೀಲ್ಡರ್‌ಗಳು ಒಳವೃತ್ತದಲ್ಲೇ ಇರಬೇಕಾದ ಪವರ್‌ಪ್ಲೇಯ 6 ಓವರ್‌ಗಳಲ್ಲಿ ಒಂಟಿ ರನ್ ಪುಕ್ಕಟೆ ಸಿಗುತ್ತದೆ. ನಡುವಿನಿಂದಲೇ 23 ಮೀಟರ್ ಸುತ್ತು ಹಾಕಿದರೆ ಸ್ಟಂಪಿನ ಹಿಂದೆ ಉಳಿಯುವುದು ಬರೀ 13 ಮೀಟರ್.