ಜೋಳದ ಬಿಯರ್: ಹೋದ ಸಲದ ರುಚಿ ಈ ಸಲ ಯಾಕಿಲ್ಲ?

ನಮ್ಮ ಬಳ್ಳಾರಿ, ರಾಯಚೂರಿನ ಬಿಳಿಜೋಳ ಹಾಕಿ ಬಿಯರ್ ಮಾಡಬಾರದಾ? ಮಾಡಬಹುದು. 1988ರಲ್ಲಿ ನೈಜೀರಿಯಾ ಬಿಯರ್‌ಗೆ ಬಳಸುವ ಬಾರ್ಲಿಯ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೇ ಜೋಳಕ್ಕೆ ತಿರುಗಿದವು. ಕಷ್ಟ ಮೊದಲ ಬ್ಯಾಚ್‌ನದಲ್ಲ, ಎರಡನೆಯದರದು. ಅದೇ ರುಚಿ ಮತ್ತೆ ಬರಬೇಕು, ಅಲ್ವಾ?

ಶತಮಾನಗಳ ಕಾಲ ರೆಸಿಪಿ ಇದ್ದದ್ದು ಬಿಯರ್ ಮಾಡುವ ಬ್ರೂವರ್‌ನ ನಾಲಿಗೆಯಲ್ಲಿ. 1780ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ರಿಚರ್ಡ್‌ಸನ್ ಸ್ಯಾಕರೋಮೀಟರ್ ಹಿಡಿದು, ಕಾಳಿನಿಂದ ಇಳಿಸಿದ ಸಿಹಿ ರಸದ ಸಾಂದ್ರತೆ ಅಳೆದ. 1883ರಲ್ಲಿ ಡೆನ್ಮಾರ್ಕಿನ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ನ ವಿಜ್ಞಾನಿ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ (ರಸವನ್ನು ಹುದುಗಿಸುವ ಸೂಕ್ಷ್ಮಜೀವಿ) ಬೆಳೆಸಿದ. ಅಲ್ಲಿಂದ ಬಿಯರ್ ಅಂದಾಜು ಬಿಟ್ಟು ಲೆಕ್ಕಕ್ಕೆ ಬಂತು. ನಮ್ಮ ಕಡೆ ಆಗ ಸೇಂದಿ, ಸಾರಾಯಿಯ ಕಾಲ. ಸಾರಾಯಿ 2007ರಲ್ಲಿ ನಿಂತಿತು. 2010-11ರ ಹೊತ್ತಿಗೆ ಬೆಂಗಳೂರಿನಲ್ಲಿ ಪಬ್‌ನೊಳಗೇ ಬಿಯರ್ ತಯಾರಾಗತೊಡಗಿತು.

ಜೋಳದ ತಕರಾರು ಶುರುವಾಗುವುದು ಬಿಸಿಯಿಂದ. ಬಾರ್ಲಿ ಮಾಲ್ಟ್‌ಗೆ (ಮೊಳಕೆ ಬರಿಸಿ ಒಣಗಿಸಿದ ಕಾಳಿಗೆ) 65-67 ಡಿಗ್ರಿ ಸಾಕು. ಜೋಳದ ಪಿಷ್ಟ ಅದಕ್ಕಿಂತ ಜಾಸ್ತಿ ಬಿಸಿ ಕೇಳುತ್ತದೆ. ಹಾಗಾಗಿ ನುಚ್ಚನ್ನು ಬೇರೆ ಪಾತ್ರೆಯಲ್ಲಿ ಮೊದಲೇ ಬೇಯಿಸಬೇಕು. ಅದು ಅಂಬಲಿಯ ಹಾಗೆ ಗಟ್ಟಿಯಾಗಿ ತಳ ಹಿಡಿಯುತ್ತದೆ. ಸ್ವಲ್ಪ ಮಾಲ್ಟ್ ಬೆರೆಸಿ ಕಾಯಿಸಿದರೆ ತೆಳುವಾಗುತ್ತದೆ. ಆಮೇಲೆ ಸೋಸುವ ಪಾಡು. ಬಾರ್ಲಿಗೆ ತನ್ನದೇ ಹೊಟ್ಟು ಇದೆ, ರಸ ಅದರ ನಡುವೆ ಇಳಿಯುತ್ತದೆ. ಜೋಳಕ್ಕೆ ಅದಿಲ್ಲ, ಪೈಪ್ ಕಟ್ಟಿಕೊಳ್ಳುತ್ತದೆ. ಇದಕ್ಕೆ ಭತ್ತದ ಹೊಟ್ಟನ್ನು ತೊಳೆದು ಹಾಕುತ್ತಾರೆ. ಗಂಗಾವತಿಯ ರೈಸ್‌ಮಿಲ್‌ಗಳ ಪಕ್ಕದಲ್ಲಿ ಅದಕ್ಕೇನೂ ಬರವಿಲ್ಲ!

ಇವನ್ನೆಲ್ಲ ರೆಸಿಪಿಯಲ್ಲಿ ಬರೆಯುವುದು ಅಪರೂಪ. 'ಜೋಳ 30 ಭಾಗ, ಹಾಪ್ಸ್ ಅಂದಾಜು' ಅಂತ ಇರುತ್ತದೆ ಅಷ್ಟೆ. (ಹಾಪ್ಸ್ ಅಂದರೆ ಬಿಯರ್‌ಗೆ ಕಹಿ ಕೊಡುವ ಹೂವು.) ನುಚ್ಚು ಎಷ್ಟು ಹೊತ್ತು ಬೆಂದಿತು, ನೀರು ಕಾಲುವೆಯದಾ ಬೋರ್‌ದಾ, ಯೀಸ್ಟ್ ಹಾಕುವಾಗ ಬಿಸಿ ಎಷ್ಟಿತ್ತು? ಬೋರ್‌ನ ಗಡಸು ನೀರಿಗೆ ಹಾಪ್ಸ್‌ನ ಕಹಿ ಒರಟಾಗುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ. ಏಲ್ ಅನ್ನುವ ಬಗೆಯ ಬಿಯರ್ 20ರ ಆಸುಪಾಸಿನಲ್ಲಿ ಹುದುಗಬೇಕು. ಒಂದು ರಾತ್ರಿ ತಂಪು ಮಾಡುವ ಚಿಲ್ಲರ್ ಕೈಕೊಟ್ಟರೆ ಗಾಟು ವಾಸನೆ ಗ್ಯಾರಂಟಿ. ಶುರುವಿನ ಗ್ರ್ಯಾವಿಟಿ (ನೀರಿಗೆ ಹೋಲಿಸಿದಾಗ ರಸದ ಸಾಂದ್ರತೆ) 1.048, ಕೊನೆಗೆ 1.010 ಅಂದರೆ ಆಲ್ಕೋಹಾಲ್ ಸುಮಾರು 5 ಪರ್ಸೆಂಟ್. ಈ ಎರಡು ಅಂಕಿ ಇದ್ದರೂ ಎಲ್ಲಿ ಜಾರಿತು ಅಂತ ಅರ್ಧ ಹೇಳಬಹುದು.

20 ಲೀಟರ್‌ನ ಪ್ರಯೋಗ ಗೆದ್ದರೆ ಎಲ್ಲವನ್ನೂ ಸುಮ್ನೆ 25ರಿಂದ ಗುಣಿಸಿ 500 ಲೀಟರ್ ಮಾಡುವುದು ಇನ್ನೊಂದು ಅಭ್ಯಾಸ. ರಸ ಕುದಿಸುವ ದೊಡ್ಡ ಕೆಟಲ್‌ನಲ್ಲಿ ಆವಿ ಹೋಗುವ ಲೆಕ್ಕವೇ ಬೇರೆ, ಹಾಪ್ಸ್ ಬಿಡುವ ಕಹಿಯೂ ಬೇರೆ. ರುಚಿ ಕೆಟ್ಟರೆ ಒಂದೇ ಸಲಕ್ಕೆ ಮಾಲ್ಟ್, ಯೀಸ್ಟ್, ಬಿಸಿ ಮೂರನ್ನೂ ಬದಲಿಸುತ್ತಾರೆ. ಯಾವುದರಿಂದ ಸರಿಹೋಯಿತು ಅಂತ ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಇದರಲ್ಲಿ ಯಾರನ್ನು ಬೈಯುವುದು? ಮಾಲೀಕರಿಗೆ ಗುಟ್ಟು ಹೊರಗೆ ಹೋಗಬಾರದು. ಬ್ರೂವರ್‌ಗೆ ಅದು ತನ್ನ ಕೈಗುಣ. ಅವನು ಕೆಲಸ ಬಿಟ್ಟ ದಿನ ಬಿಯರೂ ಅವನ ಜೊತೆ ಹೊರಡುತ್ತದೆ.

ಈಗ ಉಳಿದಿರುವ ತೊಡಕು ಜೋಳದ ಚೀಲದ್ದು. ಮಂಡಿಯಲ್ಲಿ ನಾಲ್ಕು ಊರಿನ ಮಾಲ್ದಂಡಿ ಜೋಳ ಒಂದೇ ರಾಶಿಗೆ ಬೀಳುತ್ತದೆ. ಹೋದ ಹಿಂಗಾರಿಯದೂ ಅದರಲ್ಲೇ. ಹಾಗಾಗಿ ಹೊಸ ಲಾಟ್ ಬಂದಾಗಲೆಲ್ಲ ಎರಡು ಕೆಜಿ ನುಚ್ಚು ಬೇಯಿಸಿ, ಗ್ರ್ಯಾವಿಟಿ ಬರೆದುಕೊಂಡು, ಆಮೇಲೆ ದೊಡ್ಡ ಕೆಟಲ್ ಹಚ್ಚುವುದೇ ಸದ್ಯಕ್ಕಿರುವ ದಾರಿ.