ಇಂಗಾಲದ ಗುಟ್ಟನ್ನು ಮೈಕ್ ಹಿಡಿದು ಕೇಳಿದ ಕಥೆ

ಗ್ರಾಫೀನ್ ಅಂದರೆ ಇಂಗಾಲದ ಪರಮಾಣುಗಳು ಜೇನುಗೂಡಿನ ಹಾಗೆ ಜೋಡಿಕೊಂಡ, ಒಂದೇ ಪರಮಾಣು ದಪ್ಪದ ಹಾಳೆ. ಅದರಲ್ಲಿ ಒಂದು ಪರಮಾಣುವಿಗೂ ಪಕ್ಕದ್ದಕ್ಕೂ ಇರುವ ದೂರ 0.142 ನ್ಯಾನೋಮೀಟರ್. ಅಲ್ಲಿ ಒಂದು ಪರಮಾಣುವನ್ನು ಸುಮ್ನೆ ಆಚೀಚೆ ಸರಿಸಿ ನೋಡೋಣ ಅಂದರೆ ಆಗುವುದಿಲ್ಲ. ಉಕ್ಕಿನ ಸರಳುಗಳನ್ನು ಅದೇ ಜೇನುಗೂಡಿನ ಆಕಾರದಲ್ಲಿ ನೆಟ್ಟರೆ ಆಗುತ್ತದೆ. ಅವುಗಳ ನಡುವೆ ಶಬ್ದ ಬಿಟ್ಟು, ಮೈಕ್ ಹಿಡಿದು, ಅದು ಎತ್ತ ಹೋಯಿತು ಎಂದು ಹುಡುಕಬಹುದು. ಎಲೆಕ್ಟ್ರಾನ್ ಅಲೆಯ ಹಾಗೆ ನಡೆದುಕೊಳ್ಳುತ್ತದೆ, ಶಬ್ದವಂತೂ ಅಲೆಯೇ. ಜಾಲದ ಆಕಾರ ಒಂದೇ ಆದರೆ ಎರಡರ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಹೀಗೆ ಬೇಕಾದ ಗುಣ ಬರುವಂತೆ ಕಟ್ಟಿದ ರಚನೆಯೇ ಅಕೌಸ್ಟಿಕ್ ಮೆಟಮೆಟೀರಿಯಲ್.

ಇದರ ಬೇರು 1979ರಲ್ಲಿದೆ. ಸು, ಶ್ರೀಫರ್ ಮತ್ತು ಹೀಗರ್ ಎಂಬ ಭೌತವಿಜ್ಞಾನಿಗಳು ಆಗ ಪಾಲಿಅಸಿಟಲೀನ್ ಎಂಬ ಇಂಗಾಲದ ಸರಪಳಿಯ ಲೆಕ್ಕ ಹಾಕಿದರು. ಅದರಲ್ಲಿ ಬಂಧಗಳು ಒಂದು ಬಿಗಿ, ಒಂದು ಸಡಿಲ ಎಂದು ಸರದಿಯಲ್ಲಿ ಬರುತ್ತವೆ. ಎಲ್ಲೋ ಸರದಿ ತಪ್ಪಿ ಸಡಿಲದ ಪಕ್ಕ ಮತ್ತೆ ಸಡಿಲ ಬಂತು ಅನ್ನಿ. ಎಲೆಕ್ಟ್ರಾನಿನ ಅಲೆ ಅಲ್ಲೇ ಠಿಕಾಣಿ ಹೂಡುತ್ತದೆ. ಸರಪಳಿಯಲ್ಲಿ ಸಣ್ಣಪುಟ್ಟ ಏರುಪೇರಾದರೂ ಜಗ್ಗುವುದಿಲ್ಲ. ಇಂಥ ಹಟಮಾರಿ ಸ್ಥಿತಿಯೇ ಟೊಪಾಲಜಿಕಲ್ ಸ್ಥಿತಿ. ಅಗಲ ಮತ್ತು ಕಿರಿದಾದ ಕೊಳವೆಗಳನ್ನು ಸರದಿಯಲ್ಲಿ ಜೋಡಿಸಿ, ಒಂದು ಕಡೆ ಸರದಿ ತಪ್ಪಿಸಿದರೆ ಶಬ್ದವೂ ಹೀಗೇ ಸಿಕ್ಕಿಕೊಳ್ಳುತ್ತದೆ.

1988ರಲ್ಲಿ ಭೌತವಿಜ್ಞಾನಿ ಡಂಕನ್ ಹಾಲ್ಡೇನ್ ಜೇನುಗೂಡಿನ ಜಾಲಕ್ಕೇ ಕೈ ಹಾಕಿದರು. ಅವರ ಲೆಕ್ಕದಲ್ಲಿ ಎಲೆಕ್ಟ್ರಾನುಗಳು ಅಂಚಿನಲ್ಲಿ ಒಂದೇ ದಿಕ್ಕಿಗೆ ಓಡುತ್ತವೆ, ಹಿಂದೆ ತಿರುಗುವುದಿಲ್ಲ. ಈ ಮಾದರಿ ಇದ್ದಂತೆಯೇ ವಸ್ತುವಿನಲ್ಲಿ ಸಿಗುವುದು ಅನುಮಾನ ಎಂದು ಅವರೇ ಬರೆದಿದ್ದರು. 2016ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಶಬ್ದವನ್ನು ಹೀಗೆ ಒಂದೇ ದಿಕ್ಕಿಗೆ ಓಡಿಸಲು ಒಂದು ತೊಡಕಿತ್ತು. ಎಲೆಕ್ಟ್ರಾನನ್ನು ಕಾಂತಕ್ಷೇತ್ರ ಬಾಗಿಸುತ್ತದೆ, ಗಾಳಿಯಲ್ಲಿನ ಶಬ್ದ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಹಾಗಾದರೆ ಗಾಳಿಯನ್ನೇ ಸುತ್ತಿಸಿದರೆ? 2014ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ತಂಡ ಮೂರು ಬಾಯಿಯ ಒಂದು ಉಂಗುರದೊಳಗೆ ಕಂಪ್ಯೂಟರಿನ ಸಣ್ಣ ಫ್ಯಾನುಗಳನ್ನು ಕೂರಿಸಿತು. ಒಂದು ಬಾಯಲ್ಲಿ ಹೊಕ್ಕ ಶಬ್ದ ಉಳಿದೆರಡರಲ್ಲಿ ಒಂದರಿಂದ ಮಾತ್ರ ಹೊರಬಂತು. ಮರುವರ್ಷ ಇಂಥ ಸುತ್ತುಗಾಳಿಯ ಇಡೀ ಜಾಲದ ಲೆಕ್ಕವೂ ಬಂತು. ನನಗೆ ಈ ಘಟ್ಟವೇ ಜಾಸ್ತಿ ಇಷ್ಟ. ಆದರೆ ಶಬ್ದ ಅಳೆಯುವ ಕಡೆ ನೂರಾರು ಫ್ಯಾನು ಗುಂಯ್‌ಗುಟ್ಟಿದರೆ ಮೈಕ್‌ಗೆ ಕೇಳುವುದೇನು, ಅಲ್ವಾ?

2016ರಲ್ಲಿ ಚೀನಾದ ನಾನ್‌ಜಿಂಗ್‌ನ ತಂಡ ಫ್ಯಾನುಗಳನ್ನು ಕೈಬಿಟ್ಟಿತು. ಉಕ್ಕಿನ ಸರಳುಗಳ ಜೇನುಗೂಡು ಕಟ್ಟಿ, ಸರಳಿನ ದಪ್ಪವನ್ನಷ್ಟೇ ಬದಲಿಸಿತು. ಎರಡು ಬಗೆಯ ಜಾಲ ಸೇರುವ ಗಡಿಯಲ್ಲೇ ಶಬ್ದ ಹರಿಯಿತು, ತಿರುವು ಬಂದರೂ ಚೆದುರಲಿಲ್ಲ. ಮರುವರ್ಷ ವುಹಾನ್‌ನಲ್ಲಿ ತ್ರಿಕೋನದ ಸರಳುಗಳನ್ನು ತಿರುಗಿಸಿಟ್ಟು ಇನ್ನೊಂದು ಬಗೆಯ ಗಡಿ ಮಾಡಿದರು.

2018ರಲ್ಲಿ ಗ್ರಾಫೀನ್ ಮತ್ತೆ ಸುದ್ದಿಯಾಯಿತು. ಎರಡು ಹಾಳೆಗಳನ್ನು 1.1 ಡಿಗ್ರಿ ತಿರುಚಿ ತೀರಾ ತಣ್ಣಗೆ ಮಾಡಿದರೆ ವಿದ್ಯುತ್ ತಡೆಯಿಲ್ಲದೆ ಹರಿಯಬಲ್ಲದು! ಅಷ್ಟು ಕಿರಿದಾದ ಕೋನದಲ್ಲಿ ಎರಡು ಹಾಳೆ ಸೇರಿ ಮೂಡುವ ಒಂದು ವಿನ್ಯಾಸ ಪೂರ್ತಿಯಾಗಲು ಹತ್ತು ಸಾವಿರಕ್ಕೂ ಹೆಚ್ಚು ಪರಮಾಣು ಬೇಕು. ಶಬ್ದದ ಮಾದರಿಯಲ್ಲಿ ಪದರಗಳ ನಡುವಿನ ನಂಟನ್ನು ಬಿಗಿ ಮಾಡಿದರೆ ದೊಡ್ಡ ಕೋನವೇ ಸಾಕು. ತಿರುಚಿದ ಗ್ರಾಫೀನಿನಲ್ಲಿ ಎಲೆಕ್ಟ್ರಾನಿನ ಅಲೆ ನಿಧಾನವಾಗುವ ಹಾಗೆ ಅಲ್ಲೂ ಶಬ್ದದ ಅಲೆ ನಿಧಾನವಾಗುತ್ತದೆ. ಆದರೆ ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುತ್ತವೆ, ಮೆಲುದನಿಯ ಶಬ್ದದ ಅಲೆಗಳು ಒಂದರೊಳಗೊಂದು ಹಾದುಹೋಗುತ್ತವೆ. ಹಾಗಾಗಿ ಅಲೆಯ ನಡಿಗೆಯನ್ನು ಇಲ್ಲಿ ಕೇಳಬಹುದು, ಆ ತಡೆಯಿಲ್ಲದ ಹರಿವನ್ನಲ್ಲ.