ನಡಿಗೆ ಬಂದಿತ್ತು, ದನಿ ಬರಬೇಕಿತ್ತು

2022ರ ಫೆಬ್ರವರಿಯಲ್ಲಿ ಅಮೆರಿಕದ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್ ತನ್ನ ಪ್ರಶಸ್ತಿಗಳನ್ನು ಹಂಚಿದಾಗ, ಟಿವಿ ಡ್ರಾಮಾ ವಿಭಾಗದ ಶ್ರೇಷ್ಠ ನಟ ಮತ್ತು ಶ್ರೇಷ್ಠ ನಟಿ ಪ್ರಶಸ್ತಿಗಳೆರಡೂ ‘ಸ್ಕ್ವಿಡ್ ಗೇಮ್’ ಎಂಬ ಕೊರಿಯನ್ ಸರಣಿಯ ಪಾಲಾದವು. ಹಣಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟು ಮಕ್ಕಳ ಆಟಗಳನ್ನು ಆಡುವವರ ಕಥೆ ಅದು. ನಟ ಲೀ ಜಂಗ್-ಜೇ, ನಟಿ ಜಂಗ್ ಹೋಯಾನ್. ಇಬ್ಬರೂ ಮಾಡೆಲಿಂಗ್‌ನಿಂದ ಬಂದವರು. ಲೀ ಅವರ ಮಾಡೆಲಿಂಗ್ 1990ರ ದಶಕದ ಆರಂಭದ ಕಥೆ. ಅದು ಈಗ ಅನೇಕರಿಗೆ ನೆನಪೂ ಇಲ್ಲ. ಹೋಯಾನ್ ಅವರಿಗೋ ಈ ಸರಣಿಯದೇ ನಟಿಯಾಗಿ ಮೊಟ್ಟಮೊದಲ ಪಾತ್ರ.

ಕ್ಯಾಮೆರಾ ಮುಂದಿನ ಅಭಿನಯವನ್ನು ಕಲಿಸುವುದು ನನ್ನ ಕಸುಬು. ಬೆಂಗಳೂರಿನ ನನ್ನ ತರಗತಿಗೆ ಬರುವವರಲ್ಲಿ ರ‍್ಯಾಂಪ್ ಮೇಲೆ ನಡೆದು, ಜಾಹೀರಾತುಗಳಿಗೆ ನಿಂತು ಪಳಗಿದವರು ಸಾಕಷ್ಟು ಮಂದಿ. ಆ ಪ್ರಶಸ್ತಿಯಾದ ಮೇಲೆ ಅವರ ಬಾಯಲ್ಲಿ ಹೋಯಾನ್ ಹೆಸರು ತಪ್ಪದೆ ಬರುತ್ತದೆ. ‘ಅವರು ನೇರವಾಗಿ ರ‍್ಯಾಂಪ್‌ನಿಂದ ಬಂದು ಗೆದ್ದರಲ್ಲ ಸರ್’ ಎನ್ನುತ್ತಾರೆ. ಗೆದ್ದದ್ದು ನಿಜ. ನೇರವಾಗಿ ಎಂಬುದರ ಬಗ್ಗೆ ನನಗೆ ತಕರಾರಿದೆ.

1994ರಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಹುಟ್ಟಿದ ಹೋಯಾನ್ ಹದಿಹರೆಯದಲ್ಲೇ ಸೋಲ್ ಫ್ಯಾಷನ್ ವೀಕ್‌ನ ವೇದಿಕೆ ಏರಿದವರು. 2013ರಲ್ಲಿ ‘ಕೊರಿಯಾಸ್ ನೆಕ್ಸ್ಟ್ ಟಾಪ್ ಮಾಡೆಲ್’ ಸ್ಪರ್ಧೆಯಲ್ಲಿ ಎರಡನೇ ಸ್ಥಾನಕ್ಕೆ ನಿಂತರು. 2016ರಲ್ಲಿ ಕೂದಲಿಗೆ ಕೆಂಪು ಬಣ್ಣ ಹಚ್ಚಿಕೊಂಡು ನ್ಯೂಯಾರ್ಕ್ ಸೇರಿ, ಲೂಯಿ ವಿಟಾನ್‌ನಂಥ ದೊಡ್ಡ ಬ್ರ್ಯಾಂಡ್‌ಗಳಿಗೆ ನಡೆದರು. 2020ರಲ್ಲಿ ನಟನಟಿಯರನ್ನು ನೋಡಿಕೊಳ್ಳುವ ಕೊರಿಯನ್ ಏಜೆನ್ಸಿಯೊಂದನ್ನು ಸೇರಿದ್ದೇ ತಡ, ‘ಸ್ಕ್ವಿಡ್ ಗೇಮ್’ ಚಿತ್ರಕಥೆಯ ಕೆಲವು ದೃಶ್ಯಗಳು ಕೈಗೆ ಬಂದವು. ನ್ಯೂಯಾರ್ಕ್‌ನಲ್ಲೇ ತಮ್ಮನ್ನು ತಾವು ವಿಡಿಯೊ ಮಾಡಿ ಕಳಿಸಿದರು. ಅದನ್ನು ನೋಡಿದ ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯುಕ್ ಖುದ್ದಾಗಿ ಬರಹೇಳಿದರು. ಸಿಕ್ಕಿದ್ದು ಕಾಂಗ್ ಸೇಬ್ಯಾಕ್ ಎಂಬ ಪಾತ್ರ: ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದು, ತಮ್ಮನನ್ನು ಅನಾಥಾಲಯದಲ್ಲಿ ಬಿಟ್ಟು, ಜೇಬುಗಳ್ಳತನ ಮಾಡಿ ಬದುಕುವ ಹುಡುಗಿ. ಆಟದಲ್ಲಿ ಆಕೆಯ ಸಂಖ್ಯೆ 067.

ಈ ಪಾತ್ರವನ್ನು ಆಯ್ದುಕೊಟ್ಟವರ ಕಣ್ಣಿಗೆ ನಾನು ಅರ್ಧ ಅಂಕ ಕೊಡುತ್ತೇನೆ. ಸೇಬ್ಯಾಕ್ ಯಾರನ್ನೂ ನಂಬುವುದಿಲ್ಲ, ಹೆಚ್ಚು ಮಾತಾಡುವುದಿಲ್ಲ, ಮುಖದಲ್ಲಿ ಏನನ್ನೂ ಬಿಟ್ಟುಕೊಡುವುದಿಲ್ಲ. ರ‍್ಯಾಂಪ್ ಮಾಡೆಲ್‌ಗೆ ವರ್ಷಗಟ್ಟಲೆ ಕಲಿಸುವುದೂ ಇದನ್ನೇ. ಬಟ್ಟೆ ಮಾತಾಡಬೇಕು, ಮುಖ ಸುಮ್ಮನಿರಬೇಕು. ಸಾವಿರ ಜನ ನೋಡುತ್ತಿದ್ದರೂ ಯಾರನ್ನೂ ನೋಡಬಾರದು. ಬೇರೆ ಪಾತ್ರದಲ್ಲಿ ದೋಷವಾಗಬಹುದಾಗಿದ್ದ ಈ ಅಭ್ಯಾಸ ಇಲ್ಲಿ ಪಾತ್ರದ ಗುಣವಾಯಿತು. ಅದೇ ಹೋಯಾನ್‌ಗೆ ಮೊದಲ ಪಾತ್ರವಾಗಿ ಅತ್ತೆ ಸೊಸೆಯ ಸಂಸಾರದ ಕಥೆ ಸಿಕ್ಕಿದ್ದರೆ ಏನಾಗುತ್ತಿತ್ತೋ, ಊಹಿಸಲು ಹೋಗುವುದಿಲ್ಲ.

ಇಂಥ ಬಾಗಿಲು ಕೊರಿಯಾದಲ್ಲಿ ಹೊಸದೂ ಅಲ್ಲ. ಲೀ ಜಂಗ್-ಜೇ 1995ರಲ್ಲಿ ಮನೆಮಾತಾದದ್ದು ‘ಸ್ಯಾಂಡ್‌ಗ್ಲಾಸ್’ ಎಂಬ ಟಿವಿ ಧಾರಾವಾಹಿಯಲ್ಲಿ ನಾಯಕಿಯ ಅಂಗರಕ್ಷಕನಾಗಿ. ಪಕ್ಕದಲ್ಲಿ ನಿಲ್ಲುವುದು, ನೋಡುವುದು, ಕಾಯುವುದು. ಮಾತು ಬಹಳ ಕಡಿಮೆ. ಇಡೀ ದೇಶ ಆ ಮೌನವನ್ನು ಮೆಚ್ಚಿಕೊಂಡಿತು. ಆದರೆ ಅಂಥ ಪಾತ್ರದಿಂದ ಬಂದ ಹೆಸರು ಎಷ್ಟು ದಿನ ಬಾಳುತ್ತದೆ? ಎರಡನೇ ಪಾತ್ರಕ್ಕೂ ಸುಮ್ಮನೆ ನಿಂತರೆ ಪ್ರೇಕ್ಷಕ ಆಕಳಿಸುತ್ತಾನೆ. ಲೀ ಹಾಗೆ ನಿಲ್ಲಲಿಲ್ಲ. 1999ರ ‘ಸಿಟಿ ಆಫ್ ದಿ ರೈಸಿಂಗ್ ಸನ್’ ಚಿತ್ರದಲ್ಲಿ ಬಾಯಿಬಡುಕ ವಂಚಕನ ಪಾತ್ರ ಮಾಡಿ ಕೊರಿಯಾದ ಚಿತ್ರಪ್ರಶಸ್ತಿ ಬ್ಲೂ ಡ್ರ್ಯಾಗನ್ ಪಡೆದರು. ಹೆಸರು ಬಂದ ಮೇಲೂ ದೊಂಗ್ಗುಕ್ ವಿಶ್ವವಿದ್ಯಾಲಯದಲ್ಲಿ ರಂಗಭೂಮಿಯನ್ನು ಓದಿದರು. ಮೂವತ್ತು ದಾಟಿದ ತಾರೆ ತರಗತಿಯಲ್ಲಿ ಕೂರುವುದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಎರಡು ಚಿತ್ರ ಮಾಡಿದವರು ನನ್ನ ತರಗತಿಯ ಬಾಗಿಲಿಗೇ ಬರುವುದಿಲ್ಲ.

ಮತ್ತೆ ಹೋಯಾನ್‌ಗೆ ಬರೋಣ. ನಡಿಗೆ ಇತ್ತು, ನಿಲುವು ಇತ್ತು, ಕ್ಯಾಮೆರಾದ ಭಯ ಇರಲಿಲ್ಲ. ಇಲ್ಲದಿದ್ದದ್ದು ದನಿ. ಮಾಡೆಲ್ ಆದವರಿಗೆ ವೃತ್ತಿಯಲ್ಲಿ ಎಲ್ಲೂ ಬೇಕಾಗದ ವಸ್ತು ಅದು. ವರ್ಷಾನುಗಟ್ಟಲೆ ಬಾಯಿ ಮುಚ್ಚಿ ಸಂಪಾದಿಸಿದವರ ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತಿರುತ್ತದೆ. ಹೊಟ್ಟೆಯನ್ನು ಸದಾ ಒಳಗೆಳೆದುಕೊಂಡಿರುವ ಅಭ್ಯಾಸವೇ ಇದಕ್ಕೆ ಕಾರಣ. ಉಸಿರು ಕೆಳಗಿಳಿಯದೆ ಮಾತಿಗೆ ತೂಕ ಬರುವುದಿಲ್ಲ; ವಾಕ್ಯದ ಕೊನೆ ಕೊನೆಗೆ ದನಿ ತೆಳ್ಳಗಾಗಿ ಕರಗಿಹೋಗುತ್ತದೆ. ನನ್ನ ತರಗತಿಯಲ್ಲಿ ಮಾಡೆಲ್‌ಗಳಿಗೆ ಮೊದಲ ಕೆಲವು ವಾರ ಸಂಭಾಷಣೆಯನ್ನೇ ಕೊಡದೆ, ನೆಲದ ಮೇಲೆ ಮಲಗಿಸಿ ಉಸಿರಾಡಿಸುತ್ತೇನೆ. ಅವರಿಗೆ ಅದು ಅವಮಾನದಂತೆ ಕಾಣುತ್ತದೆ.

ಹೋಯಾನ್ ಎದುರಿಗಿದ್ದ ಸವಾಲು ಇನ್ನೂ ಒಂದು ಮೆಟ್ಟಿಲು ಮೇಲಿನದು. ಸೇಬ್ಯಾಕ್‌ಗೆ ಎರಡು ದನಿಗಳು. ಹೊರಗಿನವರೊಂದಿಗೆ ಸೋಲ್‌ನವರಂತೆಯೇ ಮಾತಾಡಿ ಮೂಲವನ್ನು ಮುಚ್ಚಿಡುತ್ತಾಳೆ. ತಮ್ಮನ ಎದುರು ಕೂತಾಗ ಮಾತ್ರ ಉತ್ತರದ ನುಡಿ ಹೊರಬರುತ್ತದೆ. ಅದಕ್ಕಾಗಿ ಹೋಯಾನ್ ಉತ್ತರ ಕೊರಿಯಾದಿಂದ ಬಂದವರ ಬಳಿ ನುಡಿಯನ್ನು ಕಲಿತರು, ಅವರ ಬದುಕಿನ ಸಾಕ್ಷ್ಯಚಿತ್ರಗಳನ್ನು ನೋಡಿದರು, ಸೇಬ್ಯಾಕ್‌ಳ ದಿನಚರಿಯನ್ನು ಅವಳೇ ಬರೆದಂತೆ ಬರೆದರು. ‘ನೇರವಾಗಿ ಬಂದು ಗೆದ್ದರು’ ಎನ್ನುವವರು ಈ ದಿನಚರಿಯ ವಿಷಯಕ್ಕೆ ಬರುವುದಿಲ್ಲ.

ಇಲ್ಲಿ ನಮ್ಮ ಚಿತ್ರರಂಗದ ಒಂದು ಮಾತು ಹೇಳಲೇಬೇಕು. ಕೊರಿಯಾದಲ್ಲಿ ಈಗ ಸೆಟ್ಟಿನಲ್ಲಿ ಆಡಿದ ಮಾತೇ ಪರದೆಗೆ ಬರುತ್ತದೆ; ಸಿಂಕ್ ಸೌಂಡ್ ಎನ್ನುವುದು ಇದನ್ನೇ. ದನಿ ಸರಿಯಿಲ್ಲವೆಂದರೆ ಅಡಗಲು ಜಾಗವಿಲ್ಲ. ನಮ್ಮಲ್ಲಿ ಡಬ್ಬಿಂಗ್ ಎಂಬ ಆಸರೆ ಇದೆ. ಬೆಂಗಳೂರಿನಲ್ಲಿ ಬೆಳೆದು, ಮಾಡೆಲ್ ಆಗಿ ಹೆಸರು ಮಾಡಿ, 2006ರಲ್ಲಿ ಕನ್ನಡದ ‘ಐಶ್ವರ್ಯ’ದಿಂದ ಚಿತ್ರರಂಗಕ್ಕೆ ಬಂದ ದೀಪಿಕಾ ಪಡುಕೋಣೆ ಅವರಿಗೆ ಮರುವರ್ಷದ ಮೊದಲ ಹಿಂದಿ ಚಿತ್ರದಲ್ಲಿ ಬೇರೊಬ್ಬರು ದನಿ ಕೊಟ್ಟರು. ಮುಂದೆ ಅವರು ತಮ್ಮದೇ ದನಿಯಲ್ಲಿ ನಿಂತರು ಅನ್ನುವುದು ಬೇರೆ ಮಾತು. ಆದರೆ ಕಂಠದಾನ ಕಲಾವಿದೆಯರ ಆಸರೆಯಲ್ಲೇ ಇಡೀ ವೃತ್ತಿ ಮುಗಿಸಿದ ನಾಯಕಿಯರು ದಕ್ಷಿಣದ ಎಲ್ಲ ಭಾಷೆಗಳಲ್ಲೂ ಇದ್ದಾರೆ. ಕೊರಿಯಾದಿಂದ ನಾವು ಕೇಶಶೈಲಿಯನ್ನು ಬೇಗ ತಂದುಕೊಂಡೆವು, ಸಿಂಕ್ ಸೌಂಡಿಗೆ ಇನ್ನೂ ಮೀನಮೇಷ ಎಣಿಸುತ್ತಿದ್ದೇವೆ.

ಸರಣಿಯ ಆರನೇ ಕಂತನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ತೋರಿಸುತ್ತೇನೆ. ಗೋಲಿಯಾಟ. ಸೋತವರಿಗೆ ಸಾವು. ಸೇಬ್ಯಾಕ್‌ಳೂ ಲೀ ಯೂಮಿ ಅಭಿನಯಿಸಿದ ಜಿಯಾಂಗ್‌ಳೂ ಆಡುವುದನ್ನು ಕೊನೆಗೆ ಮುಂದೂಡಿ, ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಹೆಚ್ಚು ಮಾತು ಜಿಯಾಂಗ್‌ಳದು. ಹದಿಹರೆಯದಿಂದ ನಟಿಸುತ್ತಾ ಬಂದ ಯೂಮಿಗೆ ಈ ಅತಿಥಿ ಪಾತ್ರ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಯನ್ನು ತಂದುಕೊಟ್ಟಿತು. ನಾನು ವಿದ್ಯಾರ್ಥಿಗಳಿಗೆ ಹೇಳುವುದು ಮಾತಾಡುವವಳನ್ನು ಬಿಟ್ಟು ಕೇಳುತ್ತಿರುವವಳನ್ನು ನೋಡಿ ಎಂದು. ಹೋಯಾನ್ ಅಲ್ಲಿ ಮುಖವನ್ನು ಕಲ್ಲು ಮಾಡಿಕೊಂಡಿಲ್ಲ. ಎದುರಿನವಳ ಒಂದೊಂದು ಮಾತೂ ತಲುಪುತ್ತಿದೆ, ತಲುಪಿದ್ದನ್ನು ಅಡಗಿಸುವ ಪ್ರಯತ್ನವೂ ಕಾಣುತ್ತಿದೆ. ರ‍್ಯಾಂಪಿನ ನಿರ್ಭಾವಕ್ಕೂ ಇದಕ್ಕೂ ಅಜಗಜಾಂತರ. ಮಾಡೆಲ್ ಕಣ್ಣಿನಲ್ಲಿ ಎದುರು ಯಾರೂ ಇರುವುದಿಲ್ಲ. ನಟಿಯ ಕಣ್ಣಿನಲ್ಲಿ ಒಬ್ಬರಾದರೂ ಇರಬೇಕು. ಹೋಯಾನ್ ಈ ಗಡಿ ದಾಟಿದ್ದು ಇದೇ ದೃಶ್ಯದಲ್ಲಿ ಎಂಬುದು ನನ್ನ ಲೆಕ್ಕ.

ಎಂಟನೇ ಕಂತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. 456 ಜನರಿಗೂ ಒಂದೇ ಹಸಿರು ಟ್ರ್ಯಾಕ್‌ಸೂಟ್ ತೊಡಿಸಿ, ಮಾಡೆಲ್‌ನ ದೊಡ್ಡ ಆಯುಧವನ್ನೇ ಕಿತ್ತುಕೊಂಡಿದ್ದ ಸರಣಿ, ಅಂತಿಮ ಮೂವರಿಗೆ ಕೊನೆಗೆ ಒಳ್ಳೆಯ ಸೂಟು ಕೊಡುತ್ತದೆ. ಲೂಯಿ ವಿಟಾನ್‌ಗೆ ನಡೆದವರಿಗೆ ಇದು ತವರುಮನೆ. ಆದರೆ ಆ ಸೂಟಿನ ಒಳಗೆ ಹೊಟ್ಟೆಗೆ ಗಾಜು ಹೊಕ್ಕ ಗಾಯವಿದೆ, ಅದು ಉಳಿದಿಬ್ಬರಿಗೆ ಗೊತ್ತಾಗಬಾರದು, ನೋಡುವ ನಮಗೆ ಗೊತ್ತಾಗಬೇಕು. ಕಾಲಿಗೆ ಹೊಂದದ ಹಿಮ್ಮಡಿ ಪಾದರಕ್ಷೆಯಲ್ಲಿ ನೋವು ನುಂಗಿ ನಡೆಯುವುದನ್ನು ಪ್ರತಿ ಮಾಡೆಲ್ ಬಲ್ಲಳು. ಆ ನುಂಗಿದ ನೋವಿನ ಅಂಚನ್ನು ಎಷ್ಟು ಹೊರಗೆ ಬಿಡಬೇಕೆಂಬುದನ್ನು ಹೋಯಾನ್ ಅಳೆದು ಬಿಟ್ಟಿದ್ದಾರೆ.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಭಾಗ: ಲೂಯಿ ವಿಟಾನ್‌ನ ಜಾಗತಿಕ ರಾಯಭಾರಿ, ಅಮೆರಿಕದ ವೋಗ್ ಪತ್ರಿಕೆಯ ಮುಖಪುಟ, ಎಮ್ಮಿ ನಾಮನಿರ್ದೇಶನ, ಇನ್‌ಸ್ಟಾಗ್ರಾಮ್‌ನಲ್ಲಿ ಕೋಟಿಗಟ್ಟಲೆ ಹಿಂಬಾಲಕರು. ನನಗೆ ಕುತೂಹಲ ಹುಟ್ಟಿಸಿದ್ದು ಇಷ್ಟಾದ ಮೇಲೆ ಅವರು ಆತುರಪಡದೆ ಇದ್ದದ್ದು. ಅಭಿಮಾನಿಗಳು ಪ್ರೇಮಕಥೆಯ ನಾಯಕಿಯಾಗಿ ನೋಡಲು ಕಾದಿದ್ದರು. ಹೋಯಾನ್ ಒಪ್ಪಿಕೊಂಡದ್ದು 2024ರಲ್ಲಿ ಬಂದ ಅಲ್ಫೊನ್ಸೊ ಕ್ವಾರೋನ್ ಅವರ ‘ಡಿಸ್ಕ್ಲೇಮರ್’ ಸರಣಿಯಲ್ಲಿ, ಕೇಟ್ ಬ್ಲಾಂಚೆಟ್ ಪಕ್ಕದಲ್ಲಿ, ಚಿಕ್ಕ ಪೋಷಕ ಪಾತ್ರವನ್ನು. ಮಾತೆಲ್ಲ ಇಂಗ್ಲಿಷ್. ದನಿಯೇ ತಮ್ಮ ಕೊರತೆ ಎಂದು ಬಲ್ಲ ನಟಿ ಎರಡನೇ ಹೆಜ್ಜೆಯನ್ನು ಪರಭಾಷೆಯಲ್ಲಿ ಇಟ್ಟದ್ದು ಧೈರ್ಯವೋ ದುಡುಕೋ ಎಂದು ವಿದ್ಯಾರ್ಥಿಗಳು ವಾದ ಮಾಡುತ್ತಾರೆ. ಪಾತ್ರದಲ್ಲಿ ದೊಡ್ಡದಾಗಿ ಮಾಡಲು ಹೆಚ್ಚೇನೂ ಇರಲಿಲ್ಲ, ಅಲ್ಲಿ ಅವರು ಹೊಳೆದರೆಂದು ನಾನೂ ಹೇಳಲಾರೆ. ಆದರೆ ಉಸಿರು ಕೆಳಗಿಳಿದಿದೆ. ವಾಕ್ಯದ ಕೊನೆಯ ಪದ ಕರಗುತ್ತಿಲ್ಲ. ಅವರ ಮುಂದಿನ ದೊಡ್ಡ ಕೆಲಸ ಕೊರಿಯನ್ ನಿರ್ದೇಶಕ ನಾ ಹಾಂಗ್-ಜಿನ್ ಅವರ ‘ಹೋಪ್’ ಚಿತ್ರ. ಹ್ವಾಂಗ್ ಜಂಗ್-ಮಿನ್ ಅವರಂಥ ಮಾತಿನ ಮಲ್ಲರೊಂದಿಗೆ, ತಮ್ಮದೇ ಭಾಷೆಯಲ್ಲಿ, ಹಿರಿತೆರೆಯ ಮೇಲೆ.